ಬಿಸಿ ಸೊಪ್ಪಿನ ಚೀಟಿ

ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ರೇಷ್ಮೆ ಹುಳು ತಂದು ಇಳಿಸಿದ ದಿನವೇ ಆ ಹುಡುಗಿಯೂ ಬಂದಳು. ಎರಡನೇ ಜ್ವರ ಎದ್ದ ಹುಳು, ನೂರು ಮೊಟ್ಟೆಯದು; ಒಂದು ಚಿಟ್ಟೆ ಇಟ್ಟದ್ದೆಲ್ಲ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ. ನಾನು ಅಟ್ಟಣೆಯ ಮೇಲೆ ಕಾಗದ ಹಾಸಿ ಹುಳು ಹರಡುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು.

"ಯಾರದು? ಒಳಗೆ ಬರಬೇಡ" ಎಂದೆ, ತಿರುಗಿ ನೋಡದೆ.

"ಬರಲ್ಲ ಅಜ್ಜಿ. ಹೊಸ್ತಿಲಾಚೆನೇ ನಿಂತಿದೀನಿ."

ತಿರುಗಿದೆ. ಶಾಲೆಯ ಬಟ್ಟೆ, ಕೈಯಲ್ಲಿ ನೋಟ್‌ಬುಕ್ಕು, ಏಳನೇ ಕ್ಲಾಸಿನ ವಯಸ್ಸು. ಯಾರ ಮನೆಯವಳು ಎಂದು ಕೇಳಬೇಕಾಗಲಿಲ್ಲ. ಆ ದಪ್ಪ ಹುಬ್ಬು ನನಗೆ ಗೊತ್ತು. ಇಪ್ಪತ್ತು ವರ್ಷ ಅಂಥದೇ ಹುಬ್ಬಿನ ಎದುರು ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸಿದ್ದೇನೆ. ಈ ಹುಡುಗಿಯ ಅಜ್ಜಿಯೂ ನಾನೂ ಪಾಲಿನಲ್ಲಿ ಹುಳು ಸಾಕಿದವರು, ಇಬ್ಬರ ಮನೆಮಾತೂ ತೆಲುಗು. ಹನ್ನೆರಡು ವರ್ಷದಿಂದ ನಮಗೆ ಮಾತಿಲ್ಲ.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಹಿಂದೆ ನಮ್ಮ ಒಂದು ಬೆಳೆ ಪೂರ್ತಿ ಸತ್ತುಹೋಯಿತು. ನನ್ನ ಜೊತೆಯವಳು ಸಾವಿನ ಮನೆಯಿಂದ ತಲೆಗೆ ನೀರು ಹಾಕಿಕೊಳ್ಳದೆ ನೇರ ಹುಳದ ಮನೆಗೆ ಬಂದಳು, ಹುಳು ಕೆಟ್ಟದ್ದು ಅದಕ್ಕೇ ಎಂದು ನಾನು ಹೇಳಿದೆ. ನಮ್ಮ ಹುತ್ತೂರು ಹೋಬಳಿಯ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಒಗ್ಗರಣೆಯ ಘಾಟು ಹುಳದ ಮನೆಗೆ ಹೋಗಬಾರದು ಎಂದು ಒಲೆಯನ್ನೇ ದೂರ ಹಾಕುವ ಜನ ನಾವು. ಆಮೇಲೆ ಊರಿನಲ್ಲಿ ಯಾರೂ ಅವಳಿಗೆ ತಮ್ಮ ಹುಳದ ಮನೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ. ಹುಳು ಹಣ್ಣಾಗಿ ಗೂಡಿಗೆ ತಯಾರಾದಾಗ ಆರಿಸಲು ಬೀದಿಯ ಹೆಂಗಸರನ್ನೆಲ್ಲ ಕರೆಯುತ್ತಾರೆ, ಅವಳ ಮನೆಯನ್ನು ದಾಟಿ ಹೋಗುತ್ತಾರೆ. ಅವಳು ಟೊಮೇಟೊ ತೋಟದ ಕೂಲಿಗೆ ಹೋದಳು. ನಾನು ಒಬ್ಬಳೇ ಹುಳು ಸಾಕಿದೆ.

"ಏನು ಬೇಕು?" ಎಂದು ಕೇಳಿದೆ.

ಹುಡುಗಿ ಒಂದೇ ಉಸಿರಿಗೆ ಒಪ್ಪಿಸಿದಳು. ಇಂಗ್ಲಿಷ್ ಮೇಡಂ ಒಂದು ಕೆಲಸ ಕೊಟ್ಟಿದ್ದಾರೆ. ಊರಿನಲ್ಲಿ ನಡೆಯುವ ಒಂದು ಕಸುಬನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು. ಆಮೇಲೆ ಎಲ್ಲರ ಮುಂದೆ ನಿಂತು ಹೇಳಬೇಕು. ಪುಸ್ತಕದಿಂದ, ಫೋನಿನಿಂದ ಇಳಿಸುವಂತಿಲ್ಲ. ಸ್ವಂತ ಮನೆಯವರನ್ನು ಕೇಳುವಂತಿಲ್ಲ. ಆ ಕೆಲಸ ಮಾಡುವವರ ಬಾಯಿಂದಲೇ ಕೇಳಿ ಬರೆಯಬೇಕು. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಒಪ್ಪಿ ಸಹಿ ಹಾಕಬೇಕು.

"ಹುಳು ಸಾಕೋರು ಊರಲ್ಲಿ ಇನ್ನೂ ಏಳೆಂಟು ಮನೆ ಇದಾರೆ. ನನ್ನ ಹತ್ರ ಯಾಕೆ ಬಂದೆ?"

"ಚೀಟಿ ಎತ್ತಿಸಿದ್ರು. ನಿಮ್ಮ ಹೆಸರು ಬಂತು."

"ನಿಮ್ಮಜ್ಜಿಗೆ ಗೊತ್ತಾ?"

"ಗೊತ್ತು. ಏನೂ ಅನ್ನಲಿಲ್ಲ."

ನನಗೆ ಕೆಲಸವಿತ್ತು. ಹೋಗು ಎಂದರೆ ಅರ್ಧ ದಿನ ಅದನ್ನೇ ಯೋಚಿಸುತ್ತಿದ್ದೆ. "ಸಾಯಂಕಾಲ ಸೊಪ್ಪು ಹಾಕೋ ಹೊತ್ತಿಗೆ ಬಾ. ಹೊಸ್ತಿಲು ದಾಟಬೇಡ" ಎಂದೆ.

ಅವಳ ತಾಯಿ ವೇಮಗಲ್ಲಿನ ಫ್ಯಾಕ್ಟರಿಯ ಬಸ್ಸಿಗೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಹಾಗಾಗಿ ಹುಡುಗಿ ಶಾಲೆ ಬಿಟ್ಟವಳೇ ನೆಟ್ಟಗೆ ನನ್ನ ಬಾಗಿಲಿಗೆ ಬಂದು ಚಪ್ಪಡಿಯ ಮೇಲೆ ಕೂರುತ್ತಿದ್ದಳು. ನಾನು ಒಳಗೆ, ಅವಳು ಹೊರಗೆ.

ಮೇಡಂ ಹೇಳಿಕೊಟ್ಟ ರೀತಿ ಹೀಗಿತ್ತು. ಒಂದು ಸಂಗತಿಗೆ ಒಂದು ಚೀಟಿ. ಚೀಟಿಯ ಮೂಲೆಯಲ್ಲಿ ಒಂದು ಚಿತ್ರ. ಹೇಳಿದವರು ಅದನ್ನು ಕಣ್ಣಾರೆ ನೋಡಿದ್ದರೆ ಕಣ್ಣು. ಬೇರೆಯವರಿಂದ ಕೇಳಿದ್ದರೆ ಕಿವಿ. ಹೀಗಿರಬೇಕು ಎಂದು ಅಂದುಕೊಂಡಿದ್ದರೆ ತಲೆ. ಎಲ್ಲ ಚೀಟಿ ಬರೆದಾದ ಮೇಲೆ ನಡೆದ ಕ್ರಮದಲ್ಲಿ ಜೋಡಿಸಬೇಕು. ಇಂಗ್ಲಿಷಿನ ಬರವಣಿಗೆ ಆಮೇಲಿನದು.

"ಇಂಗ್ಲೀಷು ಕಲಿಸೋ ಮೇಡಂ ಇದನ್ನೆಲ್ಲ ಯಾಕೆ ಮಾಡಿಸ್ತಾರೆ?" ಎಂದು ಕೇಳಿದೆ.

"ನಮಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ತಿಳೀದೇ ಬರೀತೀವಂತೆ. ಅದಕ್ಕೇ ಇಂಗ್ಲೀಷು ಕೆಟ್ಟೋಗ್ತದಂತೆ."

ಮೊದಲ ನಾಲ್ಕು ದಿನ ಸುಲಭವಾಗಿ ಹೋಯಿತು. ಸೊಪ್ಪು ಕೊಯ್ಯುವುದು, ತರುವುದು, ಹಾಕುವುದು, ಕಸ ತೆಗೆಯುವುದು, ಎಲ್ಲ ಕಣ್ಣಿನ ಚೀಟಿಗಳೇ. ಮೂರನೇ ಜ್ವರಕ್ಕೆ ಹುಳು ಕೂತಾಗ ತೊಡಕಾಯಿತು. ಅವಳು ಇಂಗ್ಲಿಷಿನಲ್ಲಿ ಹುಳಕ್ಕೆ ಜ್ವರ ಬಂದಿದೆ ಎಂದು ಬರೆದಿದ್ದಳಂತೆ. ಮೇಡಂ ಕೆಂಪು ಗೆರೆ ಹಾಕಿ ಕಳಿಸಿದ್ದರು. ಓದುವವರು ಹುಳಕ್ಕೆ ಕಾಯಿಲೆ ಎಂದುಕೊಳ್ಳುತ್ತಾರೆ, ಆ ಮಾತು ಮೊದಲ ಸಲ ಬಂದ ಕಡೆಯಲ್ಲೇ ಏನೆಂದು ಬಿಡಿಸಿ ಹೇಳು ಎಂದಿದ್ದರು.

"ಹಂಗಾದ್ರೆ ಜ್ವರ ಅಂದ್ರೆ ಏನಜ್ಜಿ?"

ನಲವತ್ತು ವರ್ಷದಿಂದ ಜ್ವರ ಎನ್ನುತ್ತಿದ್ದೇನೆ, ಯಾರೂ ಕೇಳಿರಲಿಲ್ಲ. ಒಂದು ಹುಳುವನ್ನು ಎಲೆಯ ಮೇಲೆ ಇಟ್ಟು ಬಾಗಿಲ ಹತ್ತಿರ ತಂದು ತೋರಿಸಿದೆ. ತಲೆ ಎತ್ತಿಕೊಂಡು ಅಲುಗಾಡದೆ ಕೂತಿದೆ. ತಿನ್ನುವುದಿಲ್ಲ. ಹಳೆಯ ಚರ್ಮ ಬಿಗಿಯಾಗಿದೆ. ಒಂದು ದಿನ ಹೀಗೇ ಕೂತು ಅದನ್ನು ಕಳಚಿ ಎದ್ದೇಳುತ್ತದೆ. ಈಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಒಣಗಿಸಿಡಬೇಕು.

"ಎಷ್ಟು ಸುಣ್ಣ?"

"ಸ್ವಲ್ಪ."

"ಮೇಡಂ ಸ್ವಲ್ಪ ಅಂತ ಬರೆದ್ರೆ ಬಿಡಲ್ಲ. ಯಾರ ಸ್ವಲ್ಪ ಅಂತ ಕೇಳ್ತಾರೆ."

"ನಿಮ್ಮ ಮೇಡಂ ಗಂಡನ ಮನೇಲಿ ಉಪ್ಪು ಹೆಂಗೆ ಹಾಕ್ತಾರಂತೆ, ತಕ್ಕಡೀಲಾ?"

ಹುಡುಗಿ ನಕ್ಕಳು. ಆದರೂ ಮರುದಿನ ಟೀ ಲೋಟ ತಂದಳು. ನಾನು ಅಟ್ಟಣೆಗೆ ಉದುರಿಸುವಷ್ಟು ಸುಣ್ಣವನ್ನು ಮೊದಲು ಲೋಟಕ್ಕೆ ಹಾಕಿಸಿ ಅಳೆದಳು. ಎರಡು ಲೋಟಕ್ಕೆ ಬೆರಳಿನಷ್ಟು ಕಮ್ಮಿ. ಮೂರು ಅಟ್ಟಣೆಗೂ ಅಷ್ಟೇ ಬಂತು. ನನ್ನ ಕೈ ಅಷ್ಟು ಸರಿಯಾಗಿ ಅಳೆಯುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ನಾಲ್ಕನೇ ಹಂತದ ಹುಳು ಮೇಯುವಾಗ ಸದ್ದು ಏಳುತ್ತದೆ. ಆ ದಿನಗಳಲ್ಲಿ ಹುಡುಗಿ ತಾನು ಬರೆದ ಇಂಗ್ಲಿಷನ್ನು ಓದುವ ಅಭ್ಯಾಸಕ್ಕೆ ಶುರುಮಾಡಿದಳು. ಹೊಸ್ತಿಲಾಚೆ ನಿಂತು ಓದುತ್ತಿದ್ದಳು, ನಾನು ಒಳಗೆ ಕೊನೆಯ ಗೋಡೆಯ ಹತ್ತಿರ ಕೊಂಬೆ ಹಾಕುತ್ತಿದ್ದೆ. ಒಂದು ಅಕ್ಷರವೂ ನನಗೆ ಮುಟ್ಟುತ್ತಿರಲಿಲ್ಲ.

"ಹುಳ ತಿನ್ನೋ ಸದ್ದೇ ನಿನ್ನ ಗಂಟಲಿಗಿಂತ ಜೋರಾಗಿದೆ ಕಣೇ."

"ನಿಮಗೆ ಇಂಗ್ಲೀಷು ಬರಲ್ವಲ್ಲ ಅಜ್ಜಿ, ಕೇಳಿದ್ರೇನು ಬಿಟ್ರೇನು?"

"ಅರ್ಥ ಆಗೋದು ಬೇರೆ, ಕೇಳ್ಸೋದು ಬೇರೆ. ಮೊದಲು ಕೇಳ್ಸು."

ಅವಳು ಜೋರಾಗಿ ಓದಿದಳು. ಆದರೆ ಗಾಡಿ ಇಳಿಜಾರಿಗೆ ಬಿಟ್ಟ ಹಾಗೆ ಓಡುತ್ತಿದ್ದಳು. ನಾನು ಕೊಂಬೆ ಕೆಳಗಿಟ್ಟು ಬಂದೆ. "ನೋಡಿಲ್ಲಿ. ಒಂದು ಸಲ ಸೊಪ್ಪು ಹಾಕಿದ ಮೇಲೆ ಹುಳು ಅದಕ್ಕೆ ಹತ್ತೋವರೆಗೆ ಬಿಡಬೇಕು. ಹತ್ತೋ ಮುಂಚೆ ಇನ್ನೊಂದು ಸುರಿದ್ರೆ ಕೆಳಗಿಂದು ಉಸಿರುಗಟ್ಟಿ ಸಾಯ್ತದೆ. ಮಾತೂ ಅಂಗೇ. ಒಂದು ಮಾತು ಹಾಕು, ಜನ ಹತ್ತಲಿ, ಆಮೇಲೆ ಇನ್ನೊಂದು ಹಾಕು."

ಮಾರನೆಯ ದಿನ ಅವಳು ಒಂದೊಂದು ಸಾಲಿಗೆ ನಿಂತು ನಿಂತು ಓದಿದಳು. ಕೊನೆಯ ಗೋಡೆಗೆ ಕೇಳಿಸಿತು. ಏನು ಕೇಳಿಸಿತು ಎಂದು ಕೇಳಬೇಡಿ, ಕೇಳಿಸಿತು. ಆ ಸಂಜೆ ಅವಳು ಹೋದ ಮೇಲೆ ಹುಳದ ಮನೆ ಬಹಳ ದೊಡ್ಡದಾಗಿ ಕಂಡಿತು. ಬೀಗ ಹಾಕಿ ಮನೆಗೆ ಹೋದೆ. ಮನೆಯಲ್ಲಿ ತಮ್ಮನ ಸಂಸಾರ ಇದೆ, ಟೀವಿ ಇದೆ. ಊಟ ಹಾಕುತ್ತಾರೆ. ಹುಳು ಹೇಗಿದೆ ಎಂದು ಒಂದು ಮಾತು ಕೇಳುತ್ತಾರೆ, ಚೆನ್ನಾಗಿದೆ ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು.

ನಾಲ್ಕನೇ ಜ್ವರಕ್ಕೆ ಹುಳು ಕೂತ ದಿನ ಹುಡುಗಿ ಬಂದು, ಇನ್ನೊಂದು ಭಾಗ ಬರೆಯಬೇಕಂತೆ ಎಂದಳು. ಕೆಲಸ ಒಂದು ಸಲ ಕೆಟ್ಟದ್ದು, ಯಾಕೆ ಕೆಟ್ಟಿತು ಎಂಬುದು. ಸರಿಹೋದದ್ದನ್ನು ಮಾತ್ರ ಬರೆದರೆ ಓದುವವರು ನಂಬುವುದಿಲ್ಲ ಎಂದು ಮೇಡಂ ಹೇಳಿದ್ದರಂತೆ.

ನಾನು ಅವಳ ಮುಖ ನೋಡಿದೆ. ಅವಳು ಪೆನ್ನಿನ ಮುಚ್ಚಳ ನೋಡುತ್ತಿದ್ದಳು.

"ಯಾವುದು ಅಂತ ನಿನಗೆ ಗೊತ್ತಲ್ಲ."

"ಗೊತ್ತು. ನೀವು ಹೇಳಿ, ಬರ್ಕೋತೀನಿ."

ಹೇಳಿದೆ. ಹನ್ನೆರಡು ವರ್ಷದಿಂದ ಹೇಳಿದ ಹಾಗೇ ಹೇಳಿದೆ. ಐದನೇ ಹಂತದ ಹುಳು, ನಾಲ್ಕು ದಿನ ಕಳೆದರೆ ಹಣ್ಣಾಗುತ್ತಿತ್ತು. ಎರಡು ದಿನ ಬಿಡದೆ ಮಳೆ. ಕುರುಡುಮಲೆಯ ಹತ್ತಿರ ನನ್ನ ಜೊತೆಯವಳ ಚಿಕ್ಕಮ್ಮ ತೀರಿಕೊಂಡಳೆಂದು ಸುದ್ದಿ ಬಂತು. ಅವಳು ಹೋದಳು. ತಿರುಗಿ ಬಂದವಳು ಸ್ನಾನ ಮಾಡದೆ ಒಳಗೆ ಬಂದಳು. ಹುಳು ಕಪ್ಪಾಗಿ, ನಾರಿ, ಎಲ್ಲ ಸತ್ತವು.

ಹುಡುಗಿ ಒಂದೊಂದು ಚೀಟಿ ಬರೆದಳು. ಸ್ನಾನದ ಚೀಟಿಗೆ ಬಂದಾಗ ನಿಲ್ಲಿಸಿದಳು.

"ಇದಕ್ಕೆ ಯಾವ ಚಿತ್ರ ಹಾಕ್ಲಿ?"

"ಕಣ್ಣು ಹಾಕು."

"ನೋಡಿದ್ರಾ ಅಜ್ಜಿ, ಸ್ನಾನ ಮಾಡದೇ ಇದ್ದದ್ದು?"

"ಊರಿಗೆಲ್ಲ ಗೊತ್ತು."

"ಊರು ಹೇಳಿದ್ರೆ ಕಿವಿ ಆಗ್ತದೆ. ಊರಿಗೆ ಯಾರ್ ಹೇಳಿದ್ರು?"

"ನಾನೇ ಹೇಳ್ದೆ."

"ನೀವೇ ಹೇಳಿ ನೀವೇ ಕೇಳಿಸ್ಕೊಂಡ್ರೆ ಅದು ಕಿವಿ ಅಲ್ಲ ಅಜ್ಜಿ."

ಅವಳು ತಲೆಯ ಚಿತ್ರ ಬರೆದಳು. ಗುಂಡಗೆ ಒಂದು ಸುತ್ತು, ಮೇಲೆ ನಾಲ್ಕು ಕೂದಲು. ನನಗೆ ಸಿಟ್ಟು ಬಂತು.

ಆಮೇಲೆ ಜೋಡಿಸಬೇಕಲ್ಲ. ಖಾಲಿ ತಟ್ಟೆಯೊಂದನ್ನು ಹೊಸ್ತಿಲ ಹೊರಗೆ ಕೊಟ್ಟಿದ್ದೆ. ಹಳೆಯ ಬಿದಿರಿನ ತಟ್ಟೆ, ನಾವಿಬ್ಬರೂ ಹುಳು ಸಾಕುತ್ತಿದ್ದ ಕಾಲದ್ದು. ಅದರ ಮೇಲೆ ಅವಳು ಚೀಟಿ ಇಡುತ್ತಾ ಹೋದಳು.

"ನಮ್ಮಜ್ಜಿ ತಿರುಗಿ ಬಂದದ್ದು ಯಾವಾಗ?"

"ಬುಧವಾರ ಸಾಯಂಕಾಲದ ಬಸ್ಸಿಗೆ."

"ಹುಳು ಮೇಯೋದು ಬಿಟ್ಟದ್ದು?"

"ಬುಧವಾರ ಬೆಳಿಗ್ಗೆನೇ ಸುಸ್ತಾಗಿ ಬಿದ್ದಿದ್ವು" ಎಂದೆ. ಕಸುಬಿನವಳ ಬಾಯಿ ಅದು. ಹುಳು ಯಾವ ದಿನ ಏನು ಮಾಡಿತು ಎಂದು ಯಾರು ಕೇಳಿದರೂ ಯೋಚಿಸದೆ ಹೇಳುತ್ತದೆ.

ಅವಳು ಬೆಳಗಿನ ಚೀಟಿಯನ್ನು ಮೇಲಿಟ್ಟಳು, ಸಾಯಂಕಾಲದ ಚೀಟಿಯನ್ನು ಕೆಳಗಿಟ್ಟಳು. ಇಬ್ಬರೂ ತಟ್ಟೆ ನೋಡಿದೆವು. ಅವಳ ಬೆರಳು ಮೇಲಿನ ಖಾಲಿ ಜಾಗಕ್ಕೆ ಹೋಯಿತು.

"ಮಂಗಳವಾರದ ಚೀಟಿ ಇಲ್ಲ. ಮಂಗಳವಾರ ಏನು ಸೊಪ್ಪು ಹಾಕಿದ್ರಿ ಅಜ್ಜಿ?"

"ಎದ್ದೇಳು" ಎಂದೆ.

"ಯಾಕಜ್ಜಿ?"

"ಎದ್ದೇಳು ಅಂದ್ನಲ್ಲ. ನಿಮ್ಮಜ್ಜಿ ಕಳ್ಸಿದಾಳೆ ನಿನ್ನ. ಚೀಟಿಯಂತೆ, ಕಣ್ಣಂತೆ, ಮೂಗಂತೆ. ಇನ್ನೊಂದು ಸಲ ಈ ಬಾಗಿಲಿಗೆ ಬಂದ್ರೆ ಕಾಲು ಮುರೀತೀನಿ."

ಅವಳು ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಿದಳು. ಎದ್ದು ನಿಂತಳು. "ನಮ್ಮಜ್ಜಿ ಕಳ್ಸಿಲ್ಲ" ಎಂದಳು. ಹೋದಳು. ತಟ್ಟೆ ಅಲ್ಲೇ ಉಳಿಯಿತು.

ಮಂಗಳವಾರದ ಸಂಗತಿ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ಆ ಕಡೆಗೆ ಬೆನ್ನು ಮಾಡಿಕೊಂಡು ಕೂತಿದ್ದೆ, ಅಷ್ಟೇ.

ಮಂಗಳವಾರ ನಡೆದದ್ದು ಇದು. ಹಿಂದಿನ ದಿನ ಜೊತೆಯವಳು ಬಸ್ಸು ಹತ್ತುವ ಮೊದಲು, "ಸೊಪ್ಪು ಒದ್ದೆ ಇದೆ ಅಕ್ಕ, ರಾಶಿ ಹಾಕಬೇಡ, ನೆಲದ ಮೇಲೆ ಹರಡಿ ಆರಿಸು" ಎಂದಿದ್ದಳು. ಇಬ್ಬರು ಮಾಡುವ ಕೆಲಸ ಒಬ್ಬಳಿಗೆ ಬಿದ್ದಿತ್ತು. ನಾನು ಹರಡಲಿಲ್ಲ. ಮೂಲೆಯಲ್ಲಿ ಎದೆಯೆತ್ತರ ರಾಶಿ ಹಾಕಿ ಮೇಲೆ ಗೋಣಿ ಹೊದಿಸಿದೆ. ಮಂಗಳವಾರ ಗೋಣಿ ತೆಗೆದು ರಾಶಿಯೊಳಗೆ ಕೈ ಹಾಕಿದರೆ ಬಿಸಿ, ಅನ್ನದ ಪಾತ್ರೆಯೊಳಗೆ ಕೈ ಇಟ್ಟ ಹಾಗೆ. ಹುಳಿ ವಾಸನೆಯೂ ಬಂತು. ಹೊರಗೆ ಮಳೆ, ಬೇರೆ ಸೊಪ್ಪಿಲ್ಲ. ಹುಳು ಹಸಿದು ತಲೆ ಎತ್ತಿ ಆಡಿಸುತ್ತಿದ್ದವು. ಅದನ್ನೇ ಹಾಕಿದೆ. ಮೂರು ಹೊತ್ತೂ ಹಾಕಿದೆ.

ಇನ್ನೊಂದು ಮಾತೂ ಇದೆ. ಬುಧವಾರ ಸಾಯಂಕಾಲ ಅವಳು ಬಂದಾಗ ಅವಳ ಕೂದಲು ಒದ್ದೆಯಿತ್ತು, ತುದಿಗೆ ಗಂಟು ಹಾಕಿದ್ದಳು. ಆ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿತ್ತು. ನಾನದನ್ನು ನೋಡಿದ್ದೆ. ಅವಳು ಬಾವಿಯ ಹತ್ತಿರ ತಲೆಗೆ ನೀರು ಹಾಕಿಕೊಂಡೇ ಬಂದೆ ಎಂದು ಒಂದು ಸಲ ಹೇಳಿದಳು. ಜನ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಅವಳು ಎರಡನೇ ಸಲ ಹೇಳಲಿಲ್ಲ.

ಹುಳು ನಾಲ್ಕನೇ ಜ್ವರದಿಂದ ಎದ್ದವು. ಐದನೇ ಹಂತದ ಏಳು ದಿನ ಮನುಷ್ಯರಿಗೆ ಬಿಡುವಿಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವುದನ್ನೆಲ್ಲ ಆಗಲೇ ತಿನ್ನುತ್ತದೆ. ಬೆಳಕು ಹರಿಯುವ ಮೊದಲು ಕೊಂಬೆ ಕೊಯ್ದು ತರುವುದು, ಹಾಕುವುದು, ಮತ್ತೆ ಕೊಯ್ಯುವುದು. ಕೊಂಬೆ ಹೊರಲು ಇಬ್ಬರು ಕೂಲಿಯವರು ಬರುತ್ತಿದ್ದರು, ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದರು. ಒಳಗೆ ನಾನೊಬ್ಬಳೇ. ಸಾಯಂಕಾಲದ ಹೊತ್ತಿಗೆ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಚಪ್ಪಡಿಯ ಮೇಲೆ ತಟ್ಟೆ ಇತ್ತು. ಅದನ್ನು ಎತ್ತಿ ಒಳಗಿಡಲಿಲ್ಲ.

ಹನ್ನೆರಡು ವರ್ಷ ನಾನು ಒಬ್ಬಳೇ ಇದ್ದದ್ದು ಅವಳ ತಪ್ಪಿನಿಂದ ಎಂದುಕೊಂಡಿದ್ದೆ. ಒಂಟಿತನಕ್ಕೆ ಕಾರಣ ಇನ್ನೊಬ್ಬರು ಎಂದುಕೊಂಡರೆ ಅದನ್ನು ಹೊರುವುದು ಸುಲಭ. ಕಾರಣ ನಾನೇ ಎಂದು ಗೊತ್ತಾದ ಮೇಲೆ ಅದೇ ಮನೆ, ಅದೇ ಕೆಲಸ, ಆದರೆ ಸಾಯಂಕಾಲ ಮುಗಿಯುವುದೇ ಇಲ್ಲ.

ನಾಲ್ಕನೇ ದಿನ ಮಳೆ ಹಿಡಿಯಿತು. ಕೊಂಬೆ ಒದ್ದೆಯಾಗಿ ಬಂದವು. ಈಗ ಫ್ಯಾನಿದೆ. ಹೊರಗಿನ ಕೋಣೆಯ ನೆಲದಲ್ಲೆಲ್ಲ ಹರಡಿ, ಫ್ಯಾನು ಹಾಕಿ, ತಿರುವಿ ಹಾಕಿದೆ. ಒಂದು ಕಡೆ ಕೂಲಿಯವರು ದಪ್ಪಗೆ ಇಳಿಸಿ ಹೋಗಿದ್ದರು. ಒಳಗೆ ಕೈ ಹಾಕಿದೆ. ಬೆಚ್ಚಗಿತ್ತು, ಬಿಸಿಯಾಗಿರಲಿಲ್ಲ. ಆದರೂ ಕೈ ಹಾಗೇ ನಿಂತಿತು. ಯಾರೂ ಇಲ್ಲದ ಕೋಣೆಯಲ್ಲಿ ಸೊಪ್ಪಿನೊಳಗೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಬರುತ್ತವೆ, ಸಾಲು ನೆಟ್ಟಗೆ ಬರುವುದಿಲ್ಲ. ಮಾರನೆಯ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಅದರ ಹಿಂದೆ ಬರೆದೆ. ಮಂಗಳವಾರ ಸೊಪ್ಪು ಬಿಸಿಯಾಗಿತ್ತು. ನಾನೇ ಹಾಕಿದೆ. ಅವಳ ಕೂದಲು ಒದ್ದೆಯಿತ್ತು. ಮೂರು ಸಾಲಿಗೆ ಒಂದು ಹೊತ್ತು ಹಿಡಿಯಿತು. ಯಾರ ಕೈಯಲ್ಲಾದರೂ ಕಳಿಸಬಹುದಾಗಿತ್ತು. ಆದರೆ ಹಿಂದೆ ಆ ಸುಳ್ಳನ್ನು ನಾನು ಬೇರೆಯವರ ಕೈಯಲ್ಲಿ ಕಳಿಸಿರಲಿಲ್ಲ, ನಾನೇ ಬೀದಿ ಬೀದಿಗೆ ಹೋಗಿ ಹೇಳಿದ್ದೆ. ಮಧ್ಯಾಹ್ನದ ಸೊಪ್ಪು ತಡವಾಗುತ್ತದೆ ಎಂದು ಗೊತ್ತಿದ್ದೂ ಬಾಗಿಲಿಗೆ ಬೀಗ ಹಾಕಿ ಹೊರಟೆ. ನಲವತ್ತು ವರ್ಷದಲ್ಲಿ ಐದನೇ ಹಂತದ ಹುಳವನ್ನು ಹಸಿವಿನಲ್ಲಿ ಬಿಟ್ಟು ಹೋದದ್ದು ಅದೊಂದೇ ಸಲ.

ಏಳನೇ ಕ್ಲಾಸಿನ ಬಾಗಿಲಲ್ಲಿ ನಿಂತೆ. ಮೇಡಂ ಸಣ್ಣ ವಯಸ್ಸಿನವರು, ಮಾಲೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ಬೋರ್ಡಿಗೆ ಬೆನ್ನು ಮಾಡಿ ತಿರುಗಿದರು.

"ಬನ್ನಿ ಅಮ್ಮಾ, ಒಳಗೆ ಬನ್ನಿ."

"ಇಲ್ಲ ಮೇಡಂ. ಹುಳು ಹಸಿದಿದಾವೆ. ಇದೊಂದು ಚೀಟಿ ಬಿಟ್ಟೋಗಿತ್ತು."

ಅವರು ಓದಿದರು. ಎರಡು ಸಲ ಓದಿದರು. ಹುಡುಗಿಯನ್ನು ಕರೆದರು. ಹೊರಗಿನ ಜಗಲಿಯಲ್ಲಿ ಮೂವರೂ ನಿಂತೆವು. ನಾನು ಸುಮ್ಮನಿರಲಾರದೆ, "ಆ ಚೀಟಿ ಎತ್ತಿಸಿದಾಗ ನನ್ನ ಹೆಸರು ಬಂದದ್ದೇ ತಪ್ಪಾಯ್ತು" ಎಂದೆ.

"ಯಾವ ಚೀಟಿ? ನಾನು ಚೀಟಿ ಎತ್ತಿಸಿಲ್ಲ ಅಮ್ಮಾ. ನಿಮ್ಮ ಹತ್ತಿರಾನೇ ಹೋಗ್ತೀನಿ ಅಂತ ಇವಳೇ ಹಟ ಮಾಡಿದ್ದು."

ಹುಡುಗಿ ನೆಲ ನೋಡಿದಳು. ಆ ಹುಬ್ಬು ಕೆಳಗಿಳಿಯಿತು. "ಕಣ್ಣು ಹಾಕ್ಲಾ ಅಜ್ಜಿ?" ಎಂದಳು.

"ಹಾಕು. ಮೂರಕ್ಕೂ ಹಾಕು."

ಮೇಡಂ ಹೇಳಿದರು: "ಇದನ್ನ ಊರಿನವರ ಮುಂದೆ ಓದ್ತಾಳೆ ಅಮ್ಮಾ. ಯೋಚನೆ ಮಾಡಿ. ಬೇಡ ಅಂದ್ರೆ ಈ ಭಾಗ ಬಿಟ್ಟುಬಿಡಬಹುದು. ಹುಳು ಸಾಕೋ ರೀತಿ ಅಷ್ಟೇ ಓದಿದ್ರೂ ಸಾಕು."

ಒಂದು ಗಳಿಗೆ ಆಸೆಯಾಯಿತು. ಇಲ್ಲ ಎನ್ನುವುದಿಲ್ಲ. ಆದರೆ ಆ ತಟ್ಟೆ, ಅದರ ಮೇಲಿನ ಖಾಲಿ ಜಾಗ ಕಣ್ಣಿಗೆ ಬಂತು. "ಬಿಟ್ರೆ ಮಧ್ಯದಲ್ಲಿ ಖಾಲಿ ಉಳೀತದಲ್ಲ ಮೇಡಂ. ಇವಳು ಬಿಡೋಳಲ್ಲ, ಮತ್ತೆ ಕೇಳ್ತಾಳೆ" ಎಂದೆ. ಹುಡುಗಿ ಆ ಮೂರು ಸಾಲನ್ನೂ ತನ್ನ ಪುಟಕ್ಕೆ ಸೇರಿಸಿ ಓದಿ ಹೇಳಿದಳು. ಕೆಳಗೆ ಸಹಿ ಹಾಕಿ, ಓಡುವ ಹಾಗೆ ನಡೆದು ಬಂದೆ. ಹುಳು ತಲೆ ಎತ್ತಿ ಆಡಿಸುತ್ತಿದ್ದವು.

ಮೂರು ದಿನಕ್ಕೆ ಹುಳು ಹಣ್ಣಾದವು. ಮೈ ಹಳದಿಯಾಗಿ, ಬೆಳಕು ಹಾಯುವ ಹಾಗೆ ಆಗುತ್ತದೆ. ಬೀದಿಯ ಹೆಂಗಸರನ್ನು ಕರೆದು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕಿಸಿದೆ. ಹುಳು ಗೂಡು ಕಟ್ಟುವ ದಿನಗಳಲ್ಲಿ ನಮಗೆ ಕೆಲಸವಿಲ್ಲ. ಓದುವ ಕಾರ್ಯಕ್ರಮ ಆಗ ಬಿತ್ತು.

ಶಾಲೆಯ ದೊಡ್ಡ ಕೋಣೆಯಲ್ಲಿ ಜಮಖಾನ ಹಾಸಿದ್ದರು. ನಾನು ಗೋಡೆಗೆ ಒರಗಿ ಕೂತೆ. ನನ್ನ ಜೊತೆಯವಳು ಆಚೆ ಬದಿಯಲ್ಲಿ, ಬಾಗಿಲ ಹತ್ತಿರ ಕೂತಿದ್ದಳು. ಕೂಲಿಯಿಂದ ನೇರ ಬಂದಿದ್ದಳು, ಬೆರಳಲ್ಲಿ ಟೊಮೇಟೊ ಗಿಡದ ಹಸಿರು ಕಲೆ. ನನ್ನ ಕಡೆ ನೋಡಲಿಲ್ಲ. ಒಬ್ಬ ಹುಡುಗ ಇಟ್ಟಿಗೆ ಸುಡುವುದನ್ನು ಹೇಳಿದ, ಇನ್ನೊಬ್ಬಳು ಹಾಲಿನ ಡೈರಿಯನ್ನು ಹೇಳಿದಳು. ಆಮೇಲೆ ಇವಳು ಎದ್ದು ನಿಂತಳು.

ಇಂಗ್ಲಿಷಿನಲ್ಲಿ ಓದಿದಳು. ಗಂಟಲು ಕೊನೆಯ ಗೋಡೆಗೆ ಮುಟ್ಟಿತು. ಒಂದು ಸಾಲಿಗೆ ನಿಂತಳು, ಜನ ಹತ್ತಲು ಬಿಟ್ಟಳು, ಮುಂದಿನದನ್ನು ಹಾಕಿದಳು. ನನಗೆ ಅರ್ಥವಾಗಲಿಲ್ಲ, ಆದರೆ ಎಲ್ಲಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಸುಣ್ಣದ ಕಡೆ ಬಂದಾಗ ಎರಡು ಬೆರಳು ತೋರಿಸಿದಳು. ಆಮೇಲೆ ಒಂದು ಕಡೆ ಬಹಳ ಹೊತ್ತು ನಿಂತಳು. ಅಲ್ಲಿ ನನ್ನ ಹೆಸರು ಬಂತು.

ಓದಿ ಮುಗಿಸಿದ ಮೇಲೆ ಮಕ್ಕಳು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಮುಖ್ಯವಾದದ್ದನ್ನು ಹೇಳಬೇಕೆಂದು ಮೇಡಂ ನಿಯಮ ಮಾಡಿದ್ದರು. ಹುಡುಗಿ ಹೇಳಿದಳು: "ಹನ್ನೆರಡು ವರ್ಷದ ಹಿಂದೆ ಆ ಬೆಳೆ ಹೋಗಿದ್ದು ಬಿಸಿಯಾದ ಸೊಪ್ಪು ಹಾಕಿದ್ದಕ್ಕೆ. ಹಾಕಿದ್ದು ಈ ಅಜ್ಜಿ. ನಮ್ಮಜ್ಜಿ ಬರೋ ಮುಂಚೇನೇ ಹುಳು ಬಿದ್ದಿದ್ವು. ನಮ್ಮಜ್ಜಿ ತಲೆಗೆ ನೀರು ಹಾಕ್ಕೊಂಡೇ ಬಂದಿದ್ರು, ಕೂದಲು ಒದ್ದೆ ಇತ್ತು. ಇದನ್ನ ಈ ಅಜ್ಜಿನೇ ಬರೆದುಕೊಟ್ಟಿದಾರೆ. ಇದು ಕಣ್ಣು."

ನನ್ನ ಕ್ಯಾಲೆಂಡರಿನ ಹಾಳೆಯನ್ನು ಎತ್ತಿ ಹಿಡಿದಳು. ಹಿಂದಿನಿಂದ ಯಾರೋ "ಓಹೋ" ಎಂದರು. ಇನ್ಯಾರೋ, "ಇವಳ ಮಾತು ಕೇಳಿ ನಾವೂ ಕರೀದೇ ಹೋದ್ವಲ್ಲೇ" ಎಂದರು. ನಾನು ಗೋಡೆಗೆ ಒರಗಿಯೇ ಕೂತಿದ್ದೆ. ಎದ್ದು ಹೋಗಬಹುದಾಗಿತ್ತು, ಹೋಗಲಿಲ್ಲ.

ಎಲ್ಲ ಮುಗಿದು ಜನ ಕರಗಿದ ಮೇಲೆ ನಲ್ಲಿಯ ಹತ್ತಿರ ನನ್ನ ಜೊತೆಯವಳು ಕೈ ತೊಳೆಯುತ್ತಿದ್ದಳು. ಹೋಗಿ ನಿಂತೆ. ಅವಳು ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಅದನ್ನ ಇಂಗ್ಲೀಷಲ್ಲಿ ಹೇಳ್ಸಬೇಕಾಯ್ತಾ?" ಎಂದಳು. "ನಮ್ಮ ಮನೆ ನಾಲ್ಕು ಬಾಗಿಲಾಚೆ ಐತೆ. ನಮ್ಮ ತೆಲುಗಲ್ಲೇ ಬಂದು ಹೇಳಕ್ಕೆ ಹನ್ನೆರಡು ವರ್ಷ ಸಾಲಲಿಲ್ವಾ?"

"ಮುಂದಿನ ಬೆಳೆಗೆ ಬಾ" ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

"ನಂಗೆ ತೋಟದಲ್ಲಿ ಕೆಲಸ ಐತೆ" ಎಂದಳು. ಮೊದಲೆಲ್ಲ ಮಾತು ಮಾತಿಗೂ ಅಕ್ಕ ಎನ್ನುತ್ತಿದ್ದಳು. ಅದನ್ನು ಸೇರಿಸಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು ಹೋದಳು. ಹುಡುಗಿ ಒಂದು ಸಲ ತಿರುಗಿ ನೋಡಿದಳು.

ಗೂಡು ಚೆನ್ನಾಗಿ ಬಂತು. ಕೋಲಾರದ ಮಾರ್ಕೆಟ್ಟಿಗೆ ಹಾಕಿ ಬಂದು, ಹುಳದ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಮತ್ತೆ ನೂರು ಮೊಟ್ಟೆಯ ಹುಳು ಇಳಿಸಿದೆ. ಹುಡುಗಿ ತನ್ನ ಇಂಗ್ಲಿಷ್ ಪುಟದ ಒಂದು ಪ್ರತಿ ಕೊಟ್ಟಿದ್ದಾಳೆ. ಓದಲು ಬರುವುದಿಲ್ಲ. ನನ್ನ ಸಾಲು ಎಲ್ಲಿದೆ ಎಂದು ಮಾತ್ರ ಗೊತ್ತು, ಪಕ್ಕದಲ್ಲಿ ಸಣ್ಣ ಕಣ್ಣು ಬರೆದಿದ್ದಾಳೆ. ಸೊಪ್ಪು ಇಳಿಸುವ ಜಾಗದ ಗೋಡೆಗೆ ಅಂಟಿಸಿದ್ದೇನೆ. ಶಾಲೆಯಲ್ಲಿ ಈಗ ಬೇರೆ ಪಾಠ ನಡೆಯುತ್ತಿದೆಯಂತೆ, ಅವಳು ಬರುವುದಿಲ್ಲ. ಬಿದಿರಿನ ತಟ್ಟೆಯನ್ನು ಒಳಗಿಟ್ಟೆ.

ಮೊನ್ನೆ ಮೇಲಿನ ಬೀದಿಯವರ ಹುಳು ಹಣ್ಣಾದವು. ಆರಿಸಲು ನನ್ನ ಜೊತೆಯವಳನ್ನು ಕರೆದರಂತೆ. ಅವಳು ಹೋದಳಂತೆ, ಕೈ ಮೊದಲಿನಷ್ಟೇ ಚುರುಕಂತೆ. ಇದು ಕಿವಿ.

ನನ್ನ ಹುಳದ ಮನೆಗೆ ಬಂದಿಲ್ಲ. ಇದು ಕಣ್ಣು.